ಡೈರಿ ಬೋರ್ಡಿನ ಏಳು ವೀರರು

ನಾಗಮಂಗಲ
4 ಆಗಸ್ಟ್ 2024

ಪ್ರಿಯ ಇನಾಯತ್,

ನಾಗಮಂಗಲದಿಂದ ನಿನ್ನ ಶ್ರೀರಂಗಪಟ್ಟಣಕ್ಕೆ ಬಸ್ಸಿನಲ್ಲಿ ಒಂದೂವರೆ ಗಂಟೆ, ಅಂಚೆಯಲ್ಲಿ ನಾಲ್ಕು ದಿನ. ಆದರೂ ಕಾಲೇಜು ಬಿಟ್ಟಾಗಿನಿಂದ ನಾವಿಬ್ಬರೂ ಅಂಚೆಯನ್ನೇ ನಂಬಿಕೊಂಡಿದ್ದೇವೆ. "ಒಂದು ಫೋನ್ ಮಾಡಿದ್ರೆ ಮುಗೀತಲ್ಲಪ್ಪ" ಎನ್ನುತ್ತಾಳೆ ಮಗಳು ಚೈತ್ರ. ಮುಗಿದುಬಿಡುತ್ತದೆ ಎಂಬುದೇ ಫೋನಿನ ತೊಂದರೆ. ಅಲ್ಲದೆ ನನ್ನ ಹಾಸ್ಯಕ್ಕೆ ನೀನು ನಗದಿದ್ದರೆ ಫೋನಿನಲ್ಲಿ ಕೇಳಿಸಿಬಿಡುತ್ತದೆ. ಕಾಗದವಾದರೆ ನೀನು ನಕ್ಕೆ ಎಂದುಕೊಂಡು ನಾನು ಸುಖವಾಗಿರಬಹುದು.

ಈಗ ವಿಷಯ. ಹೋದ ಭಾನುವಾರ ನಮ್ಮ ಮನೆ ಮುಂದೆ ಮೂರು ಕಾರು ನಿಂತವು. ಇಳಿದವರು ಸಂತೆಬಾಚಹಳ್ಳಿ ಹತ್ತಿರದ ಕಾರೇಕೊಪ್ಪಲಿನವರು, ಮುಂದಾಳು ನಿಂಗರಾಜು. ನೆನಪಾಯಿತೆ? ಕೆ.ಆರ್.ಪೇಟೆ ಕಾಲೇಜಿನಲ್ಲಿ ನನ್ನ ಶಿಷ್ಯ, ಕೊನೆಯ ಬೆಂಚು. ಈಗ ಮೊದಲ ಸಾಲಿನ ನಾಯಕ. ಮೂರು ಪಕ್ಷ ಓದಿ ಬಂದಿದ್ದಾನೆ, ಯಾವುದರಲ್ಲೂ ಹಾಜರಾತಿ ಕಡಿಮೆಯಾಗಿಲ್ಲ. ಕಾಲಿಗೆ ಬಿದ್ದ, ಶಾಲು ಹೊದಿಸಿದ. ಹಾರ ತಂದಿದ್ದ, ಆಹಾರವನ್ನೂ ತಂದಿದ್ದ. "ಸಾ, ನಮ್ಮೂರ ಏಳು ವೀರರಿಗೆ ಕಲ್ಲು ನಿಲ್ಲುಸ್ತಾ ಇದ್ದೀವಿ. ನೀವೇ ಗೌರವಾಧ್ಯಕ್ಷರು" ಎಂದ. ಯಾವ ವೀರರಪ್ಪ ಎಂದು ನಾನು ಕೇಳುವುದರೊಳಗೆ ಚೀಲದಿಂದ ಹಳೆಯ ಪುಸ್ತಕವೊಂದನ್ನು ತೆಗೆದ. ಕಾರೇಕೊಪ್ಪಲು ಹಾಲು ಉತ್ಪಾದಕರ ಸಹಕಾರ ಸಂಘ, ದಶಮಾನೋತ್ಸವ ಸ್ಮರಣ ಸಂಚಿಕೆ, 1999!

ನಾನು ನಗು ತಡೆದುಕೊಂಡ ಕಷ್ಟ ನಿನಗೊಬ್ಬನಿಗೇ ಅರ್ಥವಾಗುವಂಥದ್ದು. ಆಗ ನೀನು ಸಂತೆಬಾಚಹಳ್ಳಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಸಂಚಿಕೆಗೆ ಜಾಹೀರಾತು ಕೊಡುತ್ತೇನೆಂದಿದ್ದ ಹಿಂಡಿ ಅಂಗಡಿಯವನು ಕೈಕೊಟ್ಟು ಎರಡು ಪುಟ ಖಾಲಿ ಉಳಿದಿದ್ದವು. "ನಮ್ಮೂರ ಇತಿಹಾಸ ಒಂದೀಟು ಬರ್ಕೊಡಿ ಮೇಷ್ಟ್ರೇ, ರಕ್ತಗಿಕ್ತ ಇರ್ಲಿ" ಎಂದು ನಿನ್ನ ಜೊತೆ ಬಂದಿದ್ದ ನನ್ನನ್ನು ಕೇಳಿದರು ಸಂಘದ ಅಧ್ಯಕ್ಷರು. ಆ ಊರಿಗೆ ಇತಿಹಾಸ ಇರಲಿಲ್ಲ, ಎಮ್ಮೆಗಳಿದ್ದವು. ನಾನೇ ಒಂದು ಮುತ್ತಿಗೆ ಕಟ್ಟಿದೆ: ಇನ್ನೂರೈವತ್ತು ವರ್ಷದ ಹಿಂದೆ ದಂಡು ಬಂತು, ಗುಡಿ ಮುರಿಯಹೊರಟಿತು, ಏಳು ಜನ ಅಡ್ಡ ನಿಂತು ಪ್ರಾಣ ಬಿಟ್ಟರು. ಏಳು ಹೆಸರು ಬೇಕಲ್ಲ? ಅಂದು ಬೆಳಿಗ್ಗೆ ಯಾರ ಹಾಲಿಗೆ ಫ್ಯಾಟು ಜಾಸ್ತಿ ಬಂತೆಂದು ಡೈರಿಯ ಬೋರ್ಡಿನ ಮೇಲೆ ಬರೆದಿದ್ದರೋ ಆ ಏಳು ಜನರನ್ನು ಎತ್ತಿಕೊಂಡೆ. ಕೊಬ್ಬಿದ್ದವರೇ ವೀರರಾದರು. ಪ್ರೂಫು ತಿದ್ದಿದವನು ನೀನು. ಸರದಾರನಿಗೆ ಹೆಸರಿಟ್ಟವನೂ ನೀನೇ, ಅದೂ ನಿಮ್ಮ ತಾತನ ಹೆಸರು. ಊರೂರು ತಿರುಗಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಖಲಂದರ್ ಸಾಬರು ನಮ್ಮ ಕೈಯಲ್ಲಿ ಸರದಾರ ಖಲಂದರ್ ಖಾನ್ ಆದರು. ಎಷ್ಟು ನಕ್ಕಿದ್ದೆವು!

ನಾವು ನಕ್ಕಿದ್ದನ್ನು ಜನ ನಗದೆ ಓದಿದ್ದಾರೆ ಮಾರಾಯ. ಹುಡುಗಿಯೊಬ್ಬಳು ತನ್ನ ಪಿಎಚ್.ಡಿ.ಯಲ್ಲಿ ಅದನ್ನು ಉಲ್ಲೇಖಿಸಿದಳು. ಆಮೇಲೆ ನಾನೇ, ಮೂಲ ಮರೆತು, ನನ್ನ ಲೇಖನವೊಂದರಲ್ಲಿ ಅವಳ ಪಿಎಚ್.ಡಿ.ಯನ್ನು ಉಲ್ಲೇಖಿಸಿದ್ದೇನೆ. ನನ್ನ ಸುಳ್ಳಿಗೆ ಡಾಕ್ಟರೇಟ್ ಬಂದಿದೆ, ಹೆತ್ತ ನಾನು ಇನ್ನೂ ಬರೀ ಎಂ.ಎ. ಹೇಗೆ ಇಲ್ಲವೆನ್ನಲಿ? ಒಪ್ಪಿಕೊಂಡೆ. 'ಸ್ಮಾರಕ ಸಮಿತಿ' ಎಂದು ಹೆಸರು. "ಒಂದು ಸಕಾರ ಬಿದ್ದರೆ ಮಾರಕ ಸಮಿತಿ ಕಣಯ್ಯ" ಎಂದೆ. ನಿಂಗರಾಜು ಬಿದ್ದು ಬಿದ್ದು ನಕ್ಕ.

ನವೆಂಬರ್ ಹತ್ತು, ಭಾನುವಾರ ಅನಾವರಣ. ನೀನೂ ಬಾ, ಹಿಂದೆ ಕೂತು ನಗು. ಇಮಾಮ್ ಬೀಯವರಿಗೆ ನಮಸ್ಕಾರ. ಮಗ ಯಾಸಿನ್‌ನ ಲೋಡ್ ಗಾಡಿ ಹೇಗೆ ಓಡುತ್ತಿದೆ?

ನಿನ್ನ
ಮರಿಸ್ವಾಮಿ


ಗಂಜಾಂ, ಶ್ರೀರಂಗಪಟ್ಟಣ
13 ಆಗಸ್ಟ್ 2024

ಗೌರವಾಧ್ಯಕ್ಷ ಮರಿಸ್ವಾಮಿಯವರ ಸನ್ನಿಧಾನಕ್ಕೆ,

ನಕ್ಕೆ. ಸಾಕ್ಷಿ ಬೇಕಿದ್ದರೆ ಇಮಾಮ್ ಬೀಯನ್ನು ಕೇಳು. "ಮರಿಸ್ವಾಮಿ ಭಾಯಿದು ಕಾಗದಾನಾ?" ಎಂದು ಅಡುಗೆಮನೆಯಿಂದಲೇ ಕೂಗಿದಳು.

ಒಂದು ಸಣ್ಣ ಪ್ರಶ್ನೆ, ಸುಮ್ಮನೆ ಕುತೂಹಲಕ್ಕೆ. ಕಲ್ಲಿನ ಮೇಲೆ ಏಳು ಹೆಸರು ಮಾತ್ರವೋ, ಎಂಟನೆಯದೂ ಇದೆಯೋ? ಕಾರೇಕೊಪ್ಪಲಿನ ಹುಡುಗರು ಆ ಸಂಚಿಕೆಯನ್ನು ಈಗಲೂ ಓದುತ್ತಾರೆಯೆ? ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಪಠ್ಯಪುಸ್ತಕವನ್ನೇ ಓದುತ್ತಿರಲಿಲ್ಲ.

ಯಾಸಿನ್ ಗಾಡಿ ಮನೆ ಮುಂದೆ ನಿಂತಿದೆ. ಆ ಕಡೆಯ ಆಲೆಮನೆಗಳಿಗೆ ಬೆಲ್ಲ ತುಂಬಲು ಈಗ ಹೋಗುತ್ತಿಲ್ಲ. ಗಾಡಿಗೆ ಹೊಸ ಬಣ್ಣ ಹೊಡೆಸಬೇಕಂತೆ. ಹಳೆಯದು ಚೆನ್ನಾಗಿಯೇ ಇತ್ತು.

ಶಾಲು ಜೋಪಾನ.

ಇನಾಯತುಲ್ಲಾ


ನಾಗಮಂಗಲ
6 ಅಕ್ಟೋಬರ್ 2024

ಪ್ರಿಯ ಇನಾಯತ್,

ತಡವಾಯಿತು, ಕ್ಷಮಿಸು. ಗೌರವಾಧ್ಯಕ್ಷನಾದ ಮೇಲೆ ನನಗೆ ಬೇಡಿಕೆ. ಎರಡು ತಿಂಗಳಲ್ಲಿ ಹನ್ನೊಂದು ಭಾಷಣ. ನನ್ನ ಹತ್ತಿರ ಈಗ ಶಾಲುಗಳಿವೆ, ಶಾಲೆಯೊಂದೇ ಇಲ್ಲ.

ಗಾಡಿ ನಿಂತಿದೆ ಎಂದು ನೀನು ಬರೆದಿದ್ದೆ. ಪಾಂಡವಪುರ ಬಸ್ ಸ್ಟ್ಯಾಂಡ್ ಹಿಂದೆ ಕುಳ್ಳಯ್ಯ ಅಂತ ಒಬ್ಬ ಮೆಕ್ಯಾನಿಕ್ಕು. ನನ್ನ ಹೆಸರು ಹೇಳಿದರೆ ಬೇಗ ನೋಡಿಕೊಡುತ್ತಾನೆ. ಬಣ್ಣಕ್ಕೂ ಅಲ್ಲೇ ಜನ ಇದ್ದಾರೆ.

ನಾನು ಪಿತೃಪಕ್ಷದ ಅಮಾವಾಸ್ಯೆಗೆ ಕಾರೇಕೊಪ್ಪಲಿಗೆ ಹೋಗಿದ್ದೆ. ಅಲ್ಲಿ ಕಂಡದ್ದನ್ನು ಬರೆಯಬೇಕು, ಹೇಗೆ ಬರೆಯಲಿ ತಿಳಿಯುತ್ತಿಲ್ಲ. ಪುಟ್ಟತಾಯಮ್ಮ ಅಂತ, ಎಂಬತ್ತು ದಾಟಿದ ಮುದುಕಿ. ಅವಳ ಮಾವ ಮಂಚಯ್ಯ, 1999ರಲ್ಲಿ ಫ್ಯಾಟಿನಲ್ಲಿ ಮೊದಲನೆಯವನು, ಹಾಗಾಗಿ ನನ್ನ ವೀರರಲ್ಲೂ ಮೊದಲನೆಯವನು. ಆ ಮನೆಯಲ್ಲಿ ತಾತನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ. ಹಾಗಾಗಿ ಇನ್ನೂರೈವತ್ತು ವರ್ಷದ ಹಿಂದೆಯೂ ಒಬ್ಬ ಮಂಚಯ್ಯ ಇದ್ದಿರಲೇಬೇಕು ಎಂದು ಅವರ ಲೆಕ್ಕ. ಎಡೆಗೆ ಇಟ್ಟಿದ್ದ ಎಲೆಗಳಲ್ಲಿ ಒಂದು ಹೊಸದು. ಕೋಳಿಸಾರು, ಮುದ್ದೆ, ಹೊಸ ಪಂಚೆ, ಪಕ್ಕದಲ್ಲೊಂದು ಬೀಡಿ ಕಟ್ಟು. "ಇದು ಯಾರಿಗೆ ತಾಯಿ?" ಎಂದೆ. "ನಮ್ ವೀರ ಮಂಚಯ್ಯಂಗೆ ಕಣಪ್ಪ. ಇಷ್ಟ್ ವರ್ಸ ಅವ್ನ್ಗೆ ಎಡೆ ಮಡಗ್ನೇ ಇಲ್ವಲ್ಲ, ಅಸ್ಕೊಂಡಿದ್ನೋ ಏನೋ" ಎಂದು ಕಣ್ಣೊರೆಸಿಕೊಂಡಳು. ಬೀಡಿಯ ಮೇಲೆ ಒಂದು ಹಾಸ್ಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಉಳಿದ ಆರು ಮನೆಗಳಲ್ಲೂ ಹೀಗೇ ಎಡೆ ಇಟ್ಟಿದ್ದರಂತೆ.

ನಿನ್ನ ಪ್ರಶ್ನೆಗೆ ಉತ್ತರ: ಎಂಟನೆಯ ಹೆಸರೂ ಇದೆ. ಕೆತ್ತುವವನಿಗೆ ಕೊಟ್ಟ ಹಾಳೆ ನೋಡಿದೆ. 'ಧರ್ಮಾಂಧ ಸರದಾರ ಖಲಂದರ್ ಖಾನನ ಕತ್ತಿಗೆ ಬಲಿಯಾದ ಏಳು ವೀರರು' ಎಂದು ಮೇಲೆ ದೊಡ್ಡಕ್ಷರದಲ್ಲಿದೆ. ಕೆಳಗೆ 'ಸಂಶೋಧನೆ: ಪ್ರೊ. ಮರಿಸ್ವಾಮಿ'. ನಾನು ಪ್ರೊಫೆಸರ್ ಆಗಿದ್ದೂ ಅಲ್ಲೇ. ಚಿಂತೆ ಬೇಡ, ನಿಂಗರಾಜು ನನ್ನ ಮಾತು ಮೀರುವವನಲ್ಲ. ಆ ಸಾಲು ಬೇಕೋ ಬೇಡವೋ ಹೇಳು.

ಮರಿಸ್ವಾಮಿ


(ಅಂಚೆ ಕಾರ್ಡು)
ಗಂಜಾಂ
11 ಅಕ್ಟೋಬರ್ 2024

ಮರಿ,
ತೆಗೆಸು.
ಇನಾಯತ್


ನಾಗಮಂಗಲ
27 ಅಕ್ಟೋಬರ್ 2024

ಇನಾಯತ್,

ನಿನ್ನ ಕಾರ್ಡು ಬಂದ ಮಾರನೆಯ ದಿನವೇ ಪಾಂಡವಪುರದಲ್ಲಿ ನಿಂಗರಾಜುವಿನ ಕಚೇರಿಗೆ ಹೋದೆ. ಬರೆಯಲು ಇಷ್ಟು ದಿನ ಏಕೆ ಬೇಕಾಯಿತೆಂದು ಓದಿದರೆ ತಿಳಿಯುತ್ತದೆ.

"ಬನ್ನಿ ಸಾ, ಕೂತ್ಕಳಿ ಸಾ. ಏ, ಸಾಗೊಂದ್ ಎಳ್ನೀರ್ ತತ್ತಾರ್ಲಾ" ಎಂದು ಎದ್ದು ನಿಂತ. ನಾನು ಬಾಗಿಲು ಹಾಕಿಸಿ ಹೇಳಿದೆ, "ನಿಂಗರಾಜು, ಆ ಲೇಖನ ಕಟ್ಟುಕತೆ ಕಣಯ್ಯ. ಪುಟ ತುಂಬೋಕೆ ನಾನೇ ಕಟ್ಟಿದ್ದು."

ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಅದೇನ್ ಸಾ ದೊಡ್ ಇಸ್ಯ? ನಂಗೊತ್ತಿಲ್ವಾ? ಪ್ರೂಫ್ ಹೊತ್ಕೊಂಡು ಮೈಸೂರ್ ಪ್ರೆಸ್ಸಿಗೆ ಹೋಗ್ತಿದ್ದೋನು ನಾನೇ ಅಲ್ವಾ? ಬಸ್ಸಲ್ಲಿ ಓದ್ಕೊಂಡು ಒಬ್ನೇ ನಕ್ಕಿವ್ನಿ."

"ಗೊತ್ತಿದ್ದೂ ಕಲ್ಲು ನಿಲ್ಲಿಸ್ತಿದ್ದೀಯಾ?"

"ಸಾ, ರಸ್ತೆ ಹಾಕ್ಸಿದ್ರೆ ಎಷ್ಟ್ ತಿಂದ ಅಂತಾರೆ. ಕೆರೆ ಹೂಳೆತ್ಸಿದ್ರೆ ಮಣ್ಣು ಮಾರ್ಕೊಂಡ ಅಂತಾರೆ. ಅದೇ ಒಂದು ನೋವು ಕೊಟ್ನೋಡಿ, ತಲೆ ಮೇಲೆ ಹೊತ್ಕೊಂಡು ತಿರುಗ್ತಾರೆ. ಜನಕ್ಕೊಂದು ನೋವು ಬೇಕು ಸಾ. ನೀವು ಚೆಂದಾಗ್ ಬರ್ದು ಮಡಗಿದ್ರಿ, ನಾನ್ ಎತ್ಕೊಂಡೆ."

ತರಗತಿಯಲ್ಲಿ ಒಂದು ದಿನವೂ ಇಷ್ಟು ಸ್ಪಷ್ಟವಾಗಿ ಉತ್ತರ ಹೇಳಿದವನಲ್ಲ ಇವನು. "ಹೋಗಲಿ, ಆ ಖಲಂದರ್ ಹೆಸರು ತೆಗಿ" ಎಂದೆ.

ಅವನು ಮೇಜಿನ ಡ್ರಾ ಎಳೆದು ಒಂದು ಪ್ಲಾಸ್ಟಿಕ್ ಕವರು ತೆಗೆದ. ಒಳಗೆ ನಮ್ಮ ಪ್ರೂಫಿನ ಹಾಳೆ. ಇಪ್ಪತ್ತೈದು ವರ್ಷ ಇಟ್ಟುಕೊಂಡಿದ್ದಾನೆ ಕಣೋ! ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ನಿನ್ನ ದುಂಡಕ್ಷರ: 'ಸರದಾರ ನನ್ನ ತಾತ ಖಲಂದರ್ ಆಗಲಿ. ಅವರಿಗೊಂದು ಕುದುರೆಯನ್ನೂ ಕೊಡು. ಇನಾಯತುಲ್ಲಾ.'

"ನೀವು ಸುಳ್ಳು ಅಂದ್ರೆ ನಾನಿದ ಎತ್ತಿ ತೋರುಸ್ತೀನಿ ಸಾ. ಇಂಗೆ ಹಿಡ್ಕೋತೀನಿ" ಎಂದು ಹಿಡಿದು ತೋರಿಸಿದ. 'ಆಗಲಿ' ಎಂಬಲ್ಲಿಂದ ಸಹಿಯವರೆಗಿನದೆಲ್ಲ ಅವನ ಹೆಬ್ಬೆರಳ ಕೆಳಗೆ. ಕಾಣುವುದು 'ಸರದಾರ ನನ್ನ ತಾತ ಖಲಂದರ್' ಅಷ್ಟೆ. ಇನ್ನೊಂದು ಕೈ ಬೆರಳು ನಿನ್ನ ಸಹಿಯನ್ನು ತೋರಿಸುತ್ತಿತ್ತು. "ವಂಶದೋರೇ ಬರ್ಕೊಟ್ಟವ್ರೆ ಅಂದ್ರೆ ಇನ್ಯಾರ್ ಸಾ ಕೇಳ್ತಾರೆ? ಪಾಪ, ಇನಾಯತ್ ಮೇಷ್ಟ್ರು ಒಳ್ಳೇರು. ಅವ್ರ ತಂಟೆ ನಮಗ್ಯಾಕೆ? ನೀವು ಸುಮ್ಕಿದ್ರೆ ಇದು ಡ್ರಾ ಒಳಗೇ ಇರ್ತದೆ." ಆಮೇಲೆ ಮತ್ತೆ ಕಾಲಿಗೆ ಬಿದ್ದ. ನನಗೆ ಕಾಲು ಹಿಂದೆ ಎಳೆದುಕೊಳ್ಳಲೂ ತೋಚಲಿಲ್ಲ. ಎಳನೀರು ಬಂತು. ಕುಡಿದೆ.

ಸತ್ಯ ಹೇಳಿದರೆ ನಿನ್ನನ್ನು ಬೀದಿಗೆಳೆದಂತೆ, ಹೇಳದಿದ್ದರೆ ನಿನ್ನ ತಾತನನ್ನು. ನಾನೇನು ಮಾಡಲಿ? ನೀನು ಹೇಳಿದಂತೆ.

ಮರಿಸ್ವಾಮಿ


ಗಂಜಾಂ
2 ನವೆಂಬರ್ 2024

ಮರಿ,

ನಿನ್ನ ಕಾಗದ ಎರಡು ಸಲ ಓದಿದೆ. ನಾನು ಮುಚ್ಚಿಟ್ಟಿದ್ದನ್ನು ಈಗ ಹೇಳಬೇಕು.

ಗಾಡಿ ಕೆಟ್ಟಿಲ್ಲ. ಅದರ ಹಣೆಯ ಮೇಲೆ ಯಾಸಿನ್ 'ದಾದಾ ಖಲಂದರ್' ಎಂದು ಬರೆಸಿದ್ದ. ಹುಟ್ಟುವ ಮೊದಲೇ ಹೋದ ಮುತ್ತಾತನ ಮೇಲೆ ಅವನಿಗೆ ಏನೋ ಪ್ರೀತಿ. ಜುಲೈನಲ್ಲಿ ಕಾರೇಕೊಪ್ಪಲಿನ ಆಲೆಮನೆಗೆ ಬೆಲ್ಲ ತುಂಬಲು ಹೋದಾಗ ನಾಲ್ಕು ಜನ ಅಡ್ಡ ಹಾಕಿದರಂತೆ. "ಯಾವ ಖಲಂದರ್‌ಲಾ ಇವ್ನು?" ಎಂದರಂತೆ. "ನಮ್ಮ ಮುತ್ತಾತ ಅಣ್ಣಾ. ಈ ಕಡೆಯೆಲ್ಲಾ ಓಡಾಡಿದೋರು. ನಿಮ್ಮ ಅಜ್ಜಿಯರಿಗೆ ಗೊತ್ತಿರ್ತದೆ, ಕೇಳಿ ನೋಡಿ" ಎಂದನಂತೆ ಇವನು, ಹೆಮ್ಮೆಯಿಂದ. "ಕೊಂದ್ಬುಟ್ಟು ಓಡಾಡ್ದೋನ್ ವಂಶದೋನು, ಎಷ್ಟ್ ಧೈರ್ಯವಾಗಿ ಹೇಳ್ತಾನ್ ನೋಡ್ಲಾ" ಎಂದು ಮುಂದಿನ ಗಾಜು ಒಡೆದರು. ಅವನ ಮೈ ಮುಟ್ಟಲಿಲ್ಲ. ಇನ್ನು ಬರಬೇಡ ಎಂದರು. ಮನೆಗೆ ಬಂದು ಬ್ಲೇಡಿನಿಂದ ಆ ಹೆಸರನ್ನು ತಾನೇ ಕೆರೆದ. ನಿನ್ನ ಮೊದಲ ಕಾಗದ ಬಂದ ದಿನ ಗಾಜಿನ ಪುಡಿ ಇನ್ನೂ ಸೀಟಿನ ಸಂದಿಯಲ್ಲಿತ್ತು.

ಏಕೆ ಬರೆಯಲಿಲ್ಲ? ಬರೆದರೆ ನಿನ್ನ ಹಾಸ್ಯ ನಿಂತುಹೋಗುತ್ತದೆ ಎಂದು ಹೆದರಿದೆ. ಆ ಹೆಸರು ಕೊಟ್ಟವನು ನಾನೆಂದು ಯಾಸಿನ್‌ಗೆ ಹೇಳಿಲ್ಲ, ಅದಕ್ಕೂ ಹೆದರಿದ್ದೇನೆ.

ನಿನಗೆ ಗೊತ್ತಿರುವ ಹಾಗೆ ತಾತ ಕುದುರೆಗೆ ಹೆದರುತ್ತಿದ್ದರು. ಟಾಂಗಾ ಬಂದರೆ ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದರು. ಅದಕ್ಕೇ ಅವರಿಗೊಂದು ಕುದುರೆ ಕೊಡು ಎಂದು ಬರೆದದ್ದು. ಕೋಟೆಯ ಪಕ್ಕದಲ್ಲಿ ಹುಟ್ಟಿ ಬೆಳೆದವನು ನಾನು. ದೇವರ ಹೆಸರಿನಲ್ಲಿ ಯಾರೂ ಯಾರನ್ನೂ ಕೊಲ್ಲಲಿಲ್ಲ ಎಂದು ಹೇಳುವಷ್ಟು ದಡ್ಡನಲ್ಲ. ಕೊಂದಿದ್ದಾರೆ, ಗುಡಿ ಮುರಿದಿದ್ದಾರೆ, ಮಸೀದಿ ಮುರಿದಿದ್ದಾರೆ, ಊರು ಬಿಡಿಸಿದ್ದಾರೆ. ಆ ನಿಜದ ರಕ್ತ ಅಷ್ಟು ಇರುವುದರಿಂದಲೇ ನಮ್ಮ ಸುಳ್ಳು ಅದರ ಪಕ್ಕದಲ್ಲಿ ಆರಾಮವಾಗಿ ಕುಳಿತುಬಿಟ್ಟಿತು. ಓದು ಬಂದ ಇಬ್ಬರು ಎರಡು ಪುಟ ತುಂಬಲು ಹೆಣ ಹುಡುಕಿದೆವಲ್ಲ, ನಮ್ಮಿಂದ ನಿಂಗರಾಜು ಕಲಿತದ್ದು ಹೆಚ್ಚೇನಲ್ಲ.

ಅವನು ಹಾಳೆ ತೋರಿಸಲಿ. ನಾನೂ ಬರುತ್ತೇನೆ. ಹೆಬ್ಬೆರಳು ತೆಗೆಯಪ್ಪ ಎಂದು ನಾನೇ ಕೇಳುತ್ತೇನೆ. ನೀನು ಮೈಕಿನ ಮುಂದೆ ಹೇಳಿಬಿಡು. ನೀನು ಸುಮ್ಮನಿದ್ದದ್ದು ನನ್ನ ಮೇಲಿನ ಕಾಳಜಿಗೋ ಶಾಲಿನ ಮೇಲಿನ ಪ್ರೀತಿಗೋ ಎಂದು ನಾನು ಅನುಮಾನಪಡುವ ಹಾಗೆ ಮಾಡಬೇಡ.

ಇನಾಯತ್


ನಾಗಮಂಗಲ
12 ನವೆಂಬರ್ 2024

ಇನಾಯತ್,

ನೀನು ಬಂದಿದ್ದೆಯೋ ಇಲ್ಲವೋ ಗೊತ್ತಿಲ್ಲ. ಶಾಮಿಯಾನದ ಉದ್ದಕ್ಕೂ ಹುಡುಕಿದೆ, ಕಾಣಲಿಲ್ಲ. ಬಂದಿರಲಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ.

ಹೇಳಿದೆ. ಇದೊಂದನ್ನು ನಂಬು. ಮೈಕು ಹಿಡಿದು, "ಈ ಏಳು ವೀರರು ಯಾರು ಗೊತ್ತೇನ್ರಪ್ಪಾ? ಡೈರಿ ಬೋರ್ಡಿನ ಮೇಲೆ ಫ್ಯಾಟು ಜಾಸ್ತಿ ಬಂದವರು" ಎಂದೆ. ಶಾಮಿಯಾನ ಹಾರಿಹೋಗುವ ಹಾಗೆ ನಕ್ಕರು! ಇಪ್ಪತ್ತು ವರ್ಷದಿಂದ ಈ ತಾಲ್ಲೂಕುಗಳಲ್ಲಿ ನಗಿಸಿಕೊಂಡು ಬಂದವನು ನಾನು. ನಾನು ಎದ್ದು ನಿಂತರೇ ಬಾಯಿ ತೆರೆಯುತ್ತಾರೆ. "ನಗಬೇಡಿ, ಇದು ನಿಜ" ಎಂದೆ. ಇನ್ನೂ ನಕ್ಕರು. ಆಗ ಎರಡು ಕೈ ಜೋಡಿಸಿ, "ನಮ್ಮಮ್ಮನಾಣೆ, ನಾನು ಸುಳ್ಳು ಬರೆದೆ. ದಂಡು ಬರಲಿಲ್ಲ. ಯಾರೂ ಸಾಯಲಿಲ್ಲ" ಎಂದೆ. ನಗು ನಿಂತಿತು.

ಹಿಂದಿನಿಂದ ಪುಟ್ಟತಾಯಮ್ಮ ಎದ್ದಳು. ಮೈಕು ಬೇಕಾಗಲಿಲ್ಲ. "ಏನಪ್ಪಾ ಮೇಷ್ಟ್ರೇ, ನಮ್ ಮಂಚಯ್ಯನ್ನ ಇಲ್ಲ ಅಂತೀಯಾ? ಮಾಲಯ ಅಮಾಸೇಲಿ ಎಡೆ ಮಡಗಿವ್ನಿ, ಕಾಗೆ ಬಂದು ಮುಟ್ಟೈತೆ. ಇಲ್ದಿರೋನ್ ಎಡೆ ಕಾಗೆ ಮುಟ್ತದಾ? ನನ್ ಮೊಮ್ಮಗ ಒಂದ್ ಕೆಲ್ಸ ಇಲ್ದೆ ಬೀದಿ ಅಲೀತಾನೆ. ವೀರನ ಮನೆಯೋನು ಅಂತ ಈಗೀಗ ನಾಕ್ ಜನ ಮಾತಾಡುಸ್ತಾವ್ರೆ. ಅದ್ನೂ ಕಿತ್ಕೋತೀಯಾ?"

ಇನಾಯತ್, ಆಕೆ ಕೋಪದಲ್ಲಿ ಕೇಳಿದ್ದರೆ ಉತ್ತರ ಕೊಡುತ್ತಿದ್ದೆ. ಅಳುತ್ತಾ ಕೇಳಿದಳು. ನನ್ನ ಬಾಯಿಂದ, "ಇದ್ರು ತಾಯಿ, ಮಂಚಯ್ಯ ಇದ್ರು" ಎಂಬ ಮಾತು ಬಂದುಬಿಟ್ಟಿತು. ಉಳಿದ ಆರು ಮನೆಯವರೂ ಎದ್ದು ನಿಂತಿದ್ದರು. "ಎಲ್ಲರೂ ಇದ್ರು" ಎಂದೆ.

ನಿಂಗರಾಜು ಮೆಲ್ಲಗೆ ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡ. ನಿನ್ನ ಹಾಳೆಯನ್ನು ಹೊರಗೆ ತೆಗೆಯಲೇ ಇಲ್ಲ, ಅದರ ಅಗತ್ಯವೇ ಬೀಳಲಿಲ್ಲ. "ಸಾ ನಮ್ಮನ್ನ ಪರೀಕ್ಷೆ ಮಾಡುದ್ರು. ಸತ್ತೋರು ಇದ್ರು ಅಂದ್ಮೇಲೆ ಕೊಂದೋನೂ ಇರ್ಲೇಬೇಕಲ್ಲ ಸಾ?" ಎಂದು ನನ್ನ ಮುಖ ನೋಡಿದ. ಸಾವಿರ ಜನ ನನ್ನ ಮುಖ ನೋಡಿದರು. ನಾನು ತಲೆ ಬಗ್ಗಿಸಿದೆ. ಅವರು ಅದನ್ನು ಹೌದು ಎಂದು ಓದಿಕೊಂಡರು. ಚಪ್ಪಾಳೆ. ಪರದೆ ಎಳೆದರು.

ಇವತ್ತಿನ ಕಾಗದದಲ್ಲಿ ಹಾಸ್ಯ ಹುಡುಕಬೇಡ.

ಮರಿಸ್ವಾಮಿ


ಗಂಜಾಂ
29 ನವೆಂಬರ್ 2024

ಮರಿ,

ಬಂದಿದ್ದೆ.

ನಿನಗೆ ಕಾಣದ ಕಡೆ, ಹಿಂದಿನ ಕಂಬದ ಹತ್ತಿರ. ಕುರ್ಚಿ ಇರಲಿಲ್ಲ. ಜಮಖಾನದ ಮೇಲೆ ಕೂತಿದ್ದ ಒಬ್ಬಳು ಮುದುಕಿ, "ಬಿಸ್ಲಲ್ಲಿ ಯಾಕಣ್ಣ ನಿಂತೀಯಾ, ಇತ್ತಗ್ ಬಾ" ಎಂದು ಸರಿದು ಜಾಗ ಕೊಟ್ಟಳು. ನಾನು ಯಾರು, ಎಲ್ಲಿಂದ ಎಂದು ಕೇಳಲಿಲ್ಲ. ಎಲೆ ಅಡಿಕೆ ಕೊಟ್ಟಳು. ನೀನು ಯಾರೂ ಸಾಯಲಿಲ್ಲ ಎಂದಾಗ ಅವಳು ಎಲೆ ಮಡಿಸುವುದನ್ನು ನಿಲ್ಲಿಸಿದಳು. "ಒಸಿ ಹಿಡ್ಕೊ ಅಣ್ಣ" ಎಂದು ಎಲೆಅಡಿಕೆ ಚೀಲವನ್ನು ನನ್ನ ಕೈಗೆ ಕೊಟ್ಟು ಎದ್ದು ನಿಂತಳು. ಅವಳು ಮಾತಾಡಿ ಮುಗಿಸುವವರೆಗೂ ಆ ಚೀಲ ನನ್ನ ಕೈಯಲ್ಲಿತ್ತು. ಹೆಬ್ಬೆರಳು ತೆಗೆಯಪ್ಪ ಎನ್ನಬೇಕೆಂದು ಬಂದವನು ನಾನು. ಅಲ್ಲಿ ಯಾರೂ ಹಾಳೆ ತೋರಿಸಲಿಲ್ಲ, ಹೆಬ್ಬೆರಳೂ ಇರಲಿಲ್ಲ. ನಾನು ಎದ್ದು, "ನಿಮ್ಮ ಮಂಚಯ್ಯ ಇರಲಿಲ್ಲ ತಾಯಿ, ನನಗೆ ಗೊತ್ತು" ಎನ್ನಬೇಕಿತ್ತು. ಆಗಲಿಲ್ಲ. ಚೀಲ ವಾಪಸ್ಸು ಕೊಟ್ಟು ಬಸ್ಸು ಹತ್ತಿದೆ. ಹಾಗಾಗಿ ನಿನ್ನನ್ನು ಬೈಯುವ ಹಕ್ಕು ನನಗಿಲ್ಲ.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಅಂದು ಸಂಜೆಯೇ ಯಾಸಿನ್ ಮೊಬೈಲಿನಲ್ಲಿ ನಿನ್ನ ವಿಡಿಯೋ ನೋಡಿದ. ನೀನು "ಸುಳ್ಳು ಬರೆದೆ" ಎಂದದ್ದನ್ನು ಕತ್ತರಿಸಿದ್ದಾರೆ. "ಎಲ್ಲರೂ ಇದ್ರು" ಎಂಬಲ್ಲಿಂದ ಶುರು, ನೀನು ತಲೆ ಬಗ್ಗಿಸುವಲ್ಲಿಗೆ ಮುಗಿಯುತ್ತದೆ. "ಅಬ್ಬಾ, ದಾದಾ ನಿಜವಾಗ್ಲೂ ಕೊಂದಿದ್ರಾ?" ಎಂದ. ಕೂರಿಸಿಕೊಂಡು ಎಲ್ಲ ಹೇಳಿದೆ, ಕೆಂಪು ಶಾಯಿಯವರೆಗೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೇಳಿದ: "ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಿ ಅಬ್ಬಾ. ನಿಮ್ಮ ದೋಸ್ತೇ ಒಪ್ಕೊಂಡವ್ರೆ. ಇನ್ನೂರೈವತ್ತು ವರ್ಷದ ಹಿಂದೆ ನಮ್ಮ ಖಾನ್‌ದಾನಲ್ಲಿ ಇನ್ನೊಬ್ಬ ಖಲಂದರ್ ಇರ್ಲಿಲ್ಲ ಅಂತ ನಿಮಗೆ ಹೆಂಗೊತ್ತು?"

ನಾವೂ ತಾತನ ಹೆಸರನ್ನು ಮೊಮ್ಮಗನಿಗಿಡುವವರೇ ಅಲ್ಲವೆ?

ಈಗ ಅವನು ಊಟಕ್ಕೆ ನನ್ನ ಎದುರು ಕೂರುವುದಿಲ್ಲ. ಕಾರೇಕೊಪ್ಪಲು ಏನಾದರೂ ನಂಬಿಕೊಳ್ಳಲಿ. ಅವನು ನಂಬಬಾರದು ಮರಿ. ನನ್ನ ಮಾತು ನಡೆಯುತ್ತಿಲ್ಲ. ನೀನೊಂದು ಬರೆ, ಅವನ ಹೆಸರಿಗೇ.

ಇನಾಯತ್


ನಾಗಮಂಗಲ
3 ಡಿಸೆಂಬರ್ 2024

ಚಿರಂಜೀವಿ ಯಾಸಿನ್,

ನಿನ್ನ ಅಪ್ಪ ಹೇಳಿದ್ದು ನಿಜ. ಕಾರೇಕೊಪ್ಪಲಿಗೆ ಯಾವ ದಂಡೂ ಬಂದ ಆಧಾರವಿಲ್ಲ. ಆ ಲೇಖನವನ್ನು ಕಟ್ಟಿದವನು ನಾನು. ಏಳು ಹೆಸರುಗಳನ್ನು 1999ನೇ ಇಸವಿಯಲ್ಲಿ ಆ ಊರಿನ ಡೈರಿಯ ಬೋರ್ಡಿನಿಂದ ತೆಗೆದುಕೊಂಡೆ. ಸರದಾರನಿಗೆ ನಿಮ್ಮ ಮುತ್ತಾತನ ಹೆಸರಿಡು ಎಂದು ನಿನ್ನ ಅಪ್ಪ ತಮಾಷೆಗೆ ಪ್ರೂಫಿನಲ್ಲಿ ಬರೆದ, ಇಟ್ಟವನು ನಾನು. ವೇದಿಕೆಯ ಮೇಲೆ ಮೊದಲು ಹೇಳಿದ್ದು ಸತ್ಯ, ಆಮೇಲೆ ತಲೆ ಬಗ್ಗಿಸಿದ್ದು ಸುಳ್ಳು. ಆ ಕಲ್ಲಿನ ಮೇಲೆ ಕೆತ್ತಿದ ಯಾವ ಖಲಂದರನೂ ನಿಮ್ಮ ಮನೆಯಲ್ಲಿ ಎಂದೂ ಇರಲಿಲ್ಲ.

ಇದ್ದ ಖಲಂದರ್ ಸಾಬರನ್ನು ನಾನು ಒಂದೇ ಸಲ ನೋಡಿದ್ದೇನೆ, 1977ರಲ್ಲಿ. ನಿನ್ನ ಅಪ್ಪನ ಜೊತೆ ಕಾಲೇಜಿನಿಂದ ಗಂಜಾಂ ಮನೆಗೆ ಬಂದಿದ್ದೆ. ಅವರಿಗೆ ಆಗಲೇ ಕಣ್ಣು ಮಂದ. ಹಜಾರದಲ್ಲಿ ಒಂದು ಹಿತ್ತಾಳೆ ಚೊಂಬನ್ನು ಬೆರಳಿನಿಂದ ತಡವಿ ಎಲ್ಲಿ ಕಲಾಯಿ ಸವೆದಿದೆ ಎಂದು ನೋಡುತ್ತಿದ್ದರು. "ಯಾರ ಮಗನಪ್ಪ? ಯಾವ ಊರು?" ಎಂದರು. ನಾಗಮಂಗಲ ಎಂದೆ. "ಹಾಗಾದ್ರೆ ನಿಮ್ಮಮ್ಮನ ಪಾತ್ರೆಗೂ ನಾನು ಕಲಾಯಿ ಹಾಕಿರ್ಬೇಕು, ಹುಳಿ ಕಿಲುಬಲಿಲ್ಲ ತಾನೆ?" ಎಂದು ಕೇಳಿದರು. ಅವರ ಬಗ್ಗೆ ನಾನೇ ಕಣ್ಣಾರೆ ಕಂಡು ಬಲ್ಲದ್ದು ಇಷ್ಟೇ. ಆ ಲೇಖನ ಬರೆಯುವಾಗಲೂ ಇದು ನನಗೆ ನೆನಪಿತ್ತು. ನೆನಪಿದ್ದೂ ಬರೆದೆ.

ಎರಡು ಪುಟದಲ್ಲೂ ಸಹಿ ಹಾಕಿದ್ದೇನೆ. ಯಾರಿಗೆ ಬೇಕಾದರೂ ತೋರಿಸು. ಪೊಲೀಸರಿಗೆ, ಪೇಪರಿನವರಿಗೆ, ಕಾರೇಕೊಪ್ಪಲಿನವರಿಗೆ. ನನಗೇನಾಗುತ್ತದೆ ಎಂದು ಯೋಚಿಸಬೇಡ.

ಮರಿಸ್ವಾಮಿ
ನಿವೃತ್ತ ಕನ್ನಡ ಅಧ್ಯಾಪಕ


ಗಂಜಾಂ
14 ಡಿಸೆಂಬರ್ 2024

ಮರಿಸ್ವಾಮಿ ಅಂಕಲ್ ಅವರಿಗೆ ಯಾಸಿನ್ ಮಾಡುವ ಸಲಾಂ.

ನಿಮ್ಮ ಕಾಗದ ಸಿಕ್ಕಿತು. ಮೂರು ಸಲ ಓದಿದೆ. ನಂಬಿದೆ. ಅಬ್ಬಾ ಜೊತೆ ಊಟಕ್ಕೆ ಕೂತೆ, ಮಾಫಿ ಕೇಳಿದೆ. ಅವರು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಕಾಗದವನ್ನು ಯಾರಿಗೂ ತೋರಿಸಲಿಲ್ಲ ಅಂಕಲ್. ನಾಲ್ಕು ದಿನ ಗಾಡಿಯಲ್ಲಿಟ್ಟುಕೊಂಡು ಓಡಾಡಿದೆ. ಪೇಪರಿನವರ ಆಫೀಸಿನ ಮುಂದೆ ಎರಡು ಸಲ ನಿಲ್ಲಿಸಿದ್ದೆ. ಆದರೆ ಅದರಲ್ಲಿ 'ನಿನ್ನ ಅಪ್ಪ ಪ್ರೂಫಿನಲ್ಲಿ ಬರೆದ' ಎಂದು ಇದೆ. ತಮಾಷೆಗೆ ಎಂದೂ ಬರೆದಿದ್ದೀರಿ, ಅದು ನನಗೆ ಗೊತ್ತು. ಆ ಒಂದು ಮಾತಿನ ಮೇಲೆ ಯಾರು ಬೇಕಾದರೂ ಹೆಬ್ಬೆರಳು ಇಡಬಹುದು. ಅಬ್ಬಾಗೆ ಅರವತ್ತೇಳು ವರ್ಷ. ನಿನ್ನೆ ಬೆಳಿಗ್ಗೆ ಕಾಗದವನ್ನು ಒಲೆಗೆ ಹಾಕಿದೆ. ಅಮ್ಮಿ ನೋಡಿದರು.

ನಾನೀಗ ಮದ್ದೂರು ಕಡೆ ಎಳನೀರು ಲೋಡಿಗೆ ಹೋಗುತ್ತಿದ್ದೇನೆ. ಗಾಡಿ ಮೇಲೆ ಹೆಸರು ಬರೆಸಿಲ್ಲ, ಬರೆಸುವುದೂ ಇಲ್ಲ.

ನೀವು ಇನ್ನೊಂದು ಸಲ ಬರೆದು ಕಳಿಸಬೇಡಿ. ಅಬ್ಬಾಗೂ ಬೇಡ. ದಾದಾ ಅವರನ್ನು ನೋಡಿದವರು ಇನ್ನು ನೀವಿಬ್ಬರೇ ಉಳಿದಿರುವುದು. ಮನೆಗೆ ಬನ್ನಿ. ಚೊಂಬಿನ ವಿಷಯ ಇನ್ನೊಂದು ಸಲ ಬಾಯಲ್ಲಿ ಹೇಳಿ, ನಾನು ಕೇಳಿಸಿಕೊಳ್ಳುತ್ತೇನೆ. ಬರುವಾಗ ಬರೆದದ್ದು ಏನನ್ನೂ ತರಬೇಡಿ.

ಯಾಸಿನ್